ಅಫ್ಜಲ್‌ಗಂಜಿನ ಹುಣಸೆಮರ

ನಾರಾಯಣಗೂಡದಿಂದ ಕೋಠಿಯ ಮಾರ್ಗವಾಗಿ ದಕ್ಷಿಣಕ್ಕೆ ನಡೆದರೆ ಅಫ್ಜಲ್‌ಗಂಜಿನ ಉಸ್ಮಾನಿಯಾ ಆಸ್ಪತ್ರೆ ಸಿಗುವುದು. ಅದರ ಆವರಣದಲ್ಲೊಂದು ಹಳೆಯ ಹುಣಸೆಮರವುಂಟು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಹಸ್ರಾರು ಜನರನ್ನು ಬಲಿಗೊಂಡಾಗ, ಈ ಮರವನ್ನೇರಿ ಸುಮಾರು 150 ಮಂದಿ ಬದುಕಿದರೆಂದು ನಗರದ ಜನ ನೆನೆಯುತ್ತ ಬಂದಿದ್ದಾರೆ. ಮರುವರ್ಷ ನಿಜಾಮ ಸರ್ಕಾರದ ಕರೆಯ ಮೇರೆಗೆ ಬಂದ ನಮ್ಮ ವಿಶ್ವೇಶ್ವರಯ್ಯನವರು ಪ್ರವಾಹ ತಡೆಯಲು ಜಲಾಶಯಗಳನ್ನು ಸೂಚಿಸಿದರು. ಜಲಾಶಯಗಳ ಆಯವ್ಯಯಕ್ಕೆ ಕಡತಗಳಾದವು, ಮರಕ್ಕೆ ಆಗಲಿಲ್ಲ.

ಮರದ ಸೇವೆಗೂ ಬೆಲೆ ಕಟ್ಟುವ ಯತ್ನ ನಮ್ಮಲ್ಲಿ ತಡವಾಗಿ ಬಂದಿತು. 1979ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದ ಟಿ. ಎಂ. ದಾಸ್ ಅವರು, ಹಣ್ಣು, ಮೋಪುಗಳನ್ನು ಬಿಟ್ಟು, ಒಂದು ಮರದ 50 ವರ್ಷಗಳ ಉಪಕಾರವನ್ನು 15.7 ಲಕ್ಷ ರೂಪಾಯಿಯೆಂದು ಗಣಿಸಿದರು. ಅವರ ಪಟ್ಟಿಯ ಆಮ್ಲಜನಕದ ಬಾಬನ್ನು, ಬ್ಯಾಂಕಿನವನಾದ ನಾನು, ಸುಲಭವಾಗಿ ಒಪ್ಪಲಾರೆ. ವಾಯುಮಂಡಲದಲ್ಲಿ ಅದಕ್ಕೆ ಅಭಾವವಿಲ್ಲ. ನೆರಳಿನ ಲೆಕ್ಕವೇ ಗಟ್ಟಿಯಾದುದು. 2021ರಲ್ಲಿ ಸರ್ವೋಚ್ಚ ನ್ಯಾಯಾಲಯದ ತಜ್ಞ ಸಮಿತಿಯು ಮರದ ವಯಸ್ಸನ್ನು 74,500 ರೂಪಾಯಿಗಳಿಂದ ಗುಣಿಸಬೇಕೆಂದಿತು. ಮೊತ್ತ ಚರ್ಚಾಸ್ಪದವಿರಬಹುದು, ಆದರೆ ವಯಸ್ಸನ್ನು ಲೆಕ್ಕಕ್ಕೆ ತಂದುದು ಸರಿ. ಅಂದು 150 ಮಂದಿಯ ಭಾರ ಹೊತ್ತದ್ದು ಬಲಿತ ಕೊಂಬೆ. ಕಡಿದ ಮರಕ್ಕೆ ಬದಲಾಗಿ ನೆಡುವ ಸಸಿಯ ಖಾತೆಯಲ್ಲಿ ಆ ಬಾಬು ಇನ್ನೂ ಶೂನ್ಯ.