ನೀಲಗಿರಿಯ ಸಿಂಕೋನ: ಬೇರುಬಿಟ್ಟ ಕಡ್ಡಿಗಳ ಚರಿತ್ರೆ

ಸಿಂಕೋನ ಮರವು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಿಂದ ಭಾರತಕ್ಕೆ ಬಂದ ವೃತ್ತಾಂತವನ್ನು ಇತಿಹಾಸಕಾರರು ಸಾಮಾನ್ಯವಾಗಿ ಒಂದು ಸಾಹಸಕಥೆಯಂತೆ ನಿರೂಪಿಸುತ್ತಾರೆ. ಕ್ಲೆಮೆಂಟ್ಸ್ ಮಾರ್ಕಂ ಪೆರುವಿನ ಕಾಡುಗಳನ್ನು ಹೊಕ್ಕದ್ದು, ರಿಚರ್ಡ್ ಸ್ಪ್ರೂಸ್ ತನ್ನ ಕ್ಷೀಣಿಸಿದ ಆರೋಗ್ಯವನ್ನು ಲೆಕ್ಕಿಸದೆ ಚಿಂಬೊರಾಸೊ ಪರ್ವತದ ತಪ್ಪಲಿನಲ್ಲಿ ತಿಂಗಳುಗಟ್ಟಲೆ ದುಡಿದದ್ದು, ಗಿಡಗಳನ್ನು ಗಾಜಿನ ಪೆಟ್ಟಿಗೆಗಳಲ್ಲಿಟ್ಟು ಸಮುದ್ರ ದಾಟಿಸಿದ್ದು – ಇವೆಲ್ಲ ಸ್ವಾರಸ್ಯವಾದ ಸಂಗತಿಗಳೇ ಸರಿ. ಆದರೆ ಹಡಗಿನಿಂದ ಇಳಿದ ಗಿಡಗಳು ಕೆಲವು ನೂರು. ಸರ್ಕಾರಕ್ಕೆ ಬೇಕಾಗಿದ್ದವು ಲಕ್ಷಗಟ್ಟಲೆ. ಆ ನೂರು ಲಕ್ಷವಾದದ್ದು ಕಾಡಿನಲ್ಲಿ ಅಲ್ಲ, ಸಸಿಮಡಿಯಲ್ಲಿ. ಕೊಂಬೆಯ ತುಂಡಿಗೆ ಬೇರು ಬರಿಸುವ ತೋಟಗಾರನ ಕೆಲಸವನ್ನು ನಮ್ಮ ಚರಿತ್ರೆಗಳು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತವೆ. ಈ ಯೋಜನೆಯ ಗೆಲುವೂ ಅದರ ಮಿತಿಯೂ ಅಲ್ಲಿಯೇ ನಿರ್ಣಯವಾದವೆಂಬುದು ಈ ಲೇಖನದ ಪ್ರತಿಪಾದನೆ.

ಸಿಂಕೋನದ ತೊಗಟೆ ಚಳಿಜ್ವರಕ್ಕೆ ಮದ್ದೆಂಬುದು ಯೂರೋಪಿಗೆ ಹದಿನೇಳನೆಯ ಶತಮಾನದಲ್ಲಿಯೇ ತಿಳಿದಿತ್ತು. 1820ರಲ್ಲಿ ಪೆಲೆಟಿಯೆ ಮತ್ತು ಕಾವಂತು ಎಂಬ ಫ್ರೆಂಚ್ ರಸಾಯನಜ್ಞರು ತೊಗಟೆಯಿಂದ ಕ್ವಿನೈನ್ ಎಂಬ ಸಸ್ಯಕ್ಷಾರವನ್ನು ಬೇರ್ಪಡಿಸಿದ ಮೇಲೆ ಅದರ ಬೇಡಿಕೆ ಇಮ್ಮಡಿಸಿತು. ಮಲೇರಿಯದಿಂದ ಊರಿಗೆ ಊರೇ ಹಾಳುಬಿದ್ದ ನೆನಪು ನಮ್ಮ ಮಲೆನಾಡಿನ ಹಿರಿಯರಲ್ಲಿ ಇತ್ತೀಚಿನವರೆಗೂ ಉಳಿದಿತ್ತು. ಆ ಕಹಿ ಗುಳಿಗೆಯ ಬೆಲೆ ಎಂಥದೆಂಬುದನ್ನು ಕನ್ನಡ ವಾಚಕರಿಗೆ ವಿವರಿಸಿ ಹೇಳಬೇಕಾಗಿಲ್ಲ. ಭಾರತದ ಸೈನ್ಯಕ್ಕೂ ಆಸ್ಪತ್ರೆಗಳಿಗೂ ಬೇಕಾದ ತೊಗಟೆಗೆ ಬ್ರಿಟಿಷ್ ಆಡಳಿತವು ದೂರದ ಆಂಡೀಸ್ ಕಾಡುಗಳನ್ನೇ ನೆಚ್ಚಬೇಕಾಗಿತ್ತು. ಅಲ್ಲಿ ಮರ ಕಡಿಯುವವರು ಕಡಿಯುತ್ತಲೇ ಇದ್ದರು, ನೆಡುವವರಿರಲಿಲ್ಲ.

ಮರವನ್ನು ಹೆಚ್ಚಿಸುವುದಕ್ಕೆ ಎರಡು ದಾರಿಗಳುಂಟು: ಬೀಜ ಮತ್ತು ತುಂಡು. ಕಬ್ಬಿನ ತುಂಡು, ವೀಳ್ಯದ ಬಳ್ಳಿ, ಮಲ್ಲಿಗೆಯ ಕಡ್ಡಿ ಇವುಗಳನ್ನು ನೆಟ್ಟು ಬೆಳೆಸುವ ನಮ್ಮ ರೈತನಿಗೆ ಎರಡನೆಯ ದಾರಿ ಹೊಸದಲ್ಲ. ಬೀಜದಲ್ಲಿ ತಾಯಿಯ ಗುಣದೊಡನೆ ತಂದೆಯ ಗುಣವೂ ಬೆರೆಯುತ್ತದೆ. ಏನು ಹುಟ್ಟುವುದೆಂದು ಮೊದಲೇ ಹೇಳಲಾಗದು. ತುಂಡಿನಿಂದ ಬಂದ ಗಿಡವಾದರೋ ತಾಯಿಗಿಡದ ಮುಂದುವರಿಕೆಯೇ. ಗಾಂಜಾ ಗಿಡದಲ್ಲಿ ಈ ಭೇದ ಸ್ಪಷ್ಟವಾಗಿ ಕಾಣುತ್ತದೆ. ಅದರಲ್ಲಿ ಗಂಡು ಹೆಣ್ಣು ಸಾಮಾನ್ಯವಾಗಿ ಬೇರೆಬೇರೆ ಗಿಡಗಳು; ಬಿತ್ತಿದ ಬೀಜದಲ್ಲಿ ಸುಮಾರು ಅರ್ಧ ಗಂಡಾಗಿ ಬರುವುದರಿಂದ ಹತ್ತೊಂಬತ್ತನೆಯ ಶತಮಾನದ ಬಂಗಾಳದ ಗಾಂಜಾ ಹೊಲಗಳಲ್ಲಿ ಗಂಡುಗಿಡಗಳನ್ನು ಗುರುತಿಸಿ ಕಿತ್ತುಹಾಕುವುದಕ್ಕಾಗಿಯೇ ಪರಿಣತರನ್ನು ನೇಮಿಸಿಕೊಳ್ಳುತ್ತಿದ್ದರು. ಹೆಣ್ಣುಗಿಡದ ತುಂಡಿಗೆ ಬೇರು ಬರಿಸಿದರೆ ಆ ತೊಡಕೇ ಇಲ್ಲ. ಸಿಂಕೋನದಲ್ಲಿ ಗಂಡು ಹೆಣ್ಣೆಂಬ ಪ್ರಶ್ನೆ ಹೀಗೆ ಏಳುವುದಿಲ್ಲವಾದರೂ ಅದಕ್ಕಿಂತ ಜಟಿಲವಾದ ಇನ್ನೊಂದು ಪ್ರಶ್ನೆಯಿತ್ತು: ಒಂದೇ ಕಾಡಿನ, ನೋಡಲು ಒಂದೇ ತೆರನಾದ ಎರಡು ಮರಗಳಲ್ಲಿ ಒಂದರ ತೊಗಟೆ ಕ್ವಿನೈನಿನಿಂದ ತುಂಬಿರಬಹುದು, ಮತ್ತೊಂದು ಬರಿಯ ಸೌದೆಯಾಗಿರಬಹುದು.

ತುಂಡಿಗೆ ಬೇರು ಬರುವ ಕ್ರಮವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳುವುದು ಅಗತ್ಯ. ಕೊಂಬೆಯನ್ನು ಕತ್ತರಿಸಿದಾಗ ಅದರ ಎಲೆಗಳು ನೀರನ್ನು ಆವಿಯಾಗಿ ಬಿಡುತ್ತಲೇ ಇರುತ್ತವೆ. ಹೀರಿಕೊಡುವ ಬೇರು ಮಾತ್ರ ಇರುವುದಿಲ್ಲ. ಆದ್ದರಿಂದ ಬೇರು ಬರುವವರೆಗೆ ತುಂಡನ್ನು ಬಾಡದಂತೆ ಕಾಯುವುದೇ ಮೊದಲ ಕೆಲಸ. ಎಲೆಗಳನ್ನು ಕಡಿಮೆ ಮಾಡಬೇಕು, ಗಾಳಿಯಲ್ಲಿ ತೇವವಿರಬೇಕು, ನೇರ ಬಿಸಿಲು ತಾಗಬಾರದು. ಎಲೆಗಳನ್ನು ಪೂರ್ತಿಯಾಗಿ ತೆಗೆದರೂ ಕೆಡುಕೇ, ಏಕೆಂದರೆ ಬೇರಿಗೆ ಬೇಕಾದ ಆಹಾರ ಎಲೆಯಿಂದಲೇ ಇಳಿಯಬೇಕು. ಕತ್ತರಿಸಿದ ಗಾಯದ ಬಳಿ ಮೊದಲು ಗಂಟುಗಂಟಾದ ಮೃದು ಅಂಗಾಂಶವೊಂದು ಮೂಡುವುದುಂಟು. ಅದನ್ನು ಕಂಡು ಹೊಸ ತೋಟಗಾರ ಬೇರು ಬಂತೆಂದು ಹಿಗ್ಗುತ್ತಾನೆ. ಎಷ್ಟೋ ಬಾರಿ ಗಂಟು ಬೆಳೆದೂ ಬೇರು ಬಾರದೆ ತುಂಡು ಸಾಯುತ್ತದೆ. ಮಣ್ಣು ಜವುಗಾದರೆ ಬುಡಕ್ಕೆ ಗಾಳಿ ಸಿಕ್ಕದೆ ಕೊಳೆ ಹತ್ತುವುದು. ಒಣಗಿದರೆ ಒಂದೇ ಮಧ್ಯಾಹ್ನದಲ್ಲಿ ಎಲ್ಲವೂ ಮುಗಿಯುವುದು. ಮೇಲೆ ತಂಪು, ಬುಡದಲ್ಲಿ ಹದವಾದ ಬೆಚ್ಚಗೆ ಇದ್ದರೆ ಬೇರು ಬೇಗ ಒಡೆಯುತ್ತದೆ. ಬಲಿತ ಕಟ್ಟಿಗೆಗಿಂತ ಎಳೆಯ ಚಿಗುರು ಸುಲಭವಾಗಿ ಒಲಿಯುತ್ತದೆ. ಬೇರು ಬರಿಸುವ ಸಸ್ಯಪ್ರಚೋದಕಗಳ ರಾಸಾಯನಿಕ ಸ್ವರೂಪ ತಿಳಿದದ್ದು 1934–35ರ ಸುಮಾರಿಗೆ. ಅದಕ್ಕೆ ಎಪ್ಪತ್ತು ವರ್ಷ ಹಿಂದೆ ಕೆಲಸ ಮಾಡಿದವರಿಗೆ ಇದ್ದ ಉಪಕರಣಗಳೆಂದರೆ ಮರಳು, ಗಾಜು, ಬೆಂಕಿಯ ಶಾಖ ಮತ್ತು ಕಣ್ಣು.

ಸ್ಪ್ರೂಸನ ಕೆಲಸವನ್ನು ಈ ಬೆಳಕಿನಲ್ಲಿ ನೋಡಬೇಕು. 1860ರಲ್ಲಿ ಅವನು ಎಕ್ವಡಾರಿನ ಲಿಮೋನ್ ಎಂಬಲ್ಲಿ ಕೆಂಪು ತೊಗಟೆಯ ಸಿಂಕೋನದ (ಸಿಂಕೋನ ಸಕ್ಸಿರೂಬ್ರ) ಬೀಜಗಳನ್ನು ಸಂಗ್ರಹಿಸಿದನು. ಅವನಿಗೆ ನೆರವಾಗಿ ಬಂದ ರಾಬರ್ಟ್ ಕ್ರಾಸ್ ಎಂಬ ತೋಟಗಾರನು ಕಾಡಿನಲ್ಲಿಯೇ ಪಾತಿ ಮಾಡಿ ತುಂಡುಗಳನ್ನು ನೆಟ್ಟನು. ಹಿಂದೆ ಕಡಿದು ಬಿಟ್ಟಿದ್ದ ಮರಗಳ ಬುಡದಿಂದ ಹೊಸದಾಗಿ ಚಿಗುರಿದ ಕೊಂಬೆಗಳೇ ಅವರಿಗೆ ಆಧಾರವಾದವು. ಕೆಲವನ್ನು ಕತ್ತರಿಸದೆ ಬಗ್ಗಿಸಿ ಮಣ್ಣು ಮುಚ್ಚಿ ಅಲ್ಲಿಯೇ ಬೇರು ಬರಿಸಿದರು. ಹೀಗೆ ಸಿದ್ಧವಾದ 637 ಗಿಡಗಳನ್ನು ಪೆಟ್ಟಿಗೆಗಳಲ್ಲಿಟ್ಟು ತೆಪ್ಪದ ಮೇಲೆ ಹೊಳೆಯಲ್ಲಿ ಇಳಿಸುವಾಗ ಪ್ರವಾಹದ ಸೆಳೆತಕ್ಕೆ ತೆಪ್ಪ ದಡದ ಮರಗಳಿಗೆ ಬಡಿದು ಗಿಡಗಳು ನಾಶವಾಗುವುದು ಸ್ವಲ್ಪದರಲ್ಲಿ ತಪ್ಪಿತು. 1861ರ ಏಪ್ರಿಲಿನಲ್ಲಿ ಕ್ರಾಸನು ಉದಕಮಂಡಲಕ್ಕೆ ತಂದೊಪ್ಪಿಸಿದಾಗ ನಾನೂರಕ್ಕೂ ಮಿಕ್ಕಿ ಗಿಡಗಳು ಜೀವದಿಂದಿದ್ದವು. ಮಾರ್ಕಂ ಸ್ವತಃ ತಂದ ಗಿಡಗಳ ಗತಿ ಬೇರೆಯಾಯಿತು. ಇಂಗ್ಲೆಂಡಿನ ಮೇಲೆ ಬಳಸಿ, ಕೆಂಪು ಸಮುದ್ರದ ಬೇಗೆಯನ್ನು ಹಾಯ್ದು ನೀಲಗಿರಿಗೆ ಬರುವ ಹೊತ್ತಿಗೆ ಅವು ಜೀರ್ಣಿಸಿಹೋಗಿದ್ದವು, ಒಂದೂ ಉಳಿಯಲಿಲ್ಲ. ಪೆಸಿಫಿಕ್ ಸಾಗರದ ಮೂಲಕ ನೇರವಾಗಿ ಸಾಗಿಸಿದ್ದರೆ ಉಳಿಯುತ್ತಿದ್ದವೆಂಬುದು ಮಾರ್ಕಮನ ದೂರು. ಅದು ನ್ಯಾಯವಾದದ್ದೆಂದೇ ನನಗೆ ತೋರುತ್ತದೆ.

ಉದಕಮಂಡಲದಲ್ಲಿ ಗಿಡಗಳ ಹೊಣೆ ಹೊತ್ತವನು ಅಲ್ಲಿಯ ಸರ್ಕಾರಿ ತೋಟದ ಮೇಲ್ವಿಚಾರಕ ವಿಲಿಯಂ ಗ್ರಹಾಂ ಮಕೈವರ್. 1848ರಿಂದಲೂ ಅದೇ ತೋಟವನ್ನು ಕಟ್ಟಿ ಬೆಳೆಸಿದ್ದ ಈತನಿಗೆ ಬೆಟ್ಟದ ಮಣ್ಣು, ಮಂಜು, ಮಳೆ ಎಲ್ಲವೂ ಪರಿಚಿತವಾಗಿದ್ದವು. ಬಂದ ಗಿಡಗಳನ್ನು ಇವನು ಪ್ರದರ್ಶನದ ವಸ್ತುಗಳಂತೆ ಜೋಪಾನ ಮಾಡಿ ಇಡಲಿಲ್ಲ. ಕೊಂಬೆಗಳನ್ನು ಬಗ್ಗಿಸಿ ಬೇರು ಬರಿಸಿದನು, ತುಂಡು ಮಾಡಿ ನೆಟ್ಟನು, ಬೇರುಬಿಟ್ಟ ಗಿಡದಿಂದ ಮತ್ತೆ ತುಂಡು ತೆಗೆದನು. ಕೆಲವೇ ವರ್ಷಗಳಲ್ಲಿ ಗಿಡಗಳ ಎಣಿಕೆ ಲಕ್ಷವನ್ನು ದಾಟಿತು. ಎತ್ತರದ ಚಳಿಯನ್ನು ತಾಳುವ ಅಫಿಷಿನಾಲಿಸ್ ಜಾತಿಯನ್ನು ದೊಡ್ಡಬೆಟ್ಟದಲ್ಲಿಯೂ, ಬೆಚ್ಚಗಿನ ನೆಲೆ ಬೇಡುವ ಕೆಂಪು ತೊಗಟೆಯ ಜಾತಿಯನ್ನು ತಗ್ಗಿನ ನಡುವಟ್ಟಂನಲ್ಲಿಯೂ ನೆಡಿಸಲಾಯಿತು. ದೊಡ್ಡಬೆಟ್ಟವೆಂಬ ಹೆಸರು ನಮಗೆ ಅರ್ಥ ಹೇಳಿಸಿಕೊಳ್ಳಬೇಕಾದುದಲ್ಲ. ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ಬಡಗರ ನಾಡು ಅದು. ನಡುವಟ್ಟಂನ ತೋಟದಲ್ಲಿ ಗುದ್ದಲಿ ಹಿಡಿದವರಲ್ಲಿ ಮಲಯ ಜಲಸಂಧಿಯ ವಸಾಹತುಗಳಿಂದ ಕರೆತಂದ ಚೀನೀ ಕೈದಿಗಳೂ ಇದ್ದರು. ಲಕ್ಷಾಂತರ ಸಸಿಗಳನ್ನು ಕುಂಡದಿಂದ ಪಾತಿಗೆ, ಪಾತಿಯಿಂದ ಬೆಟ್ಟದ ಇಳಿಜಾರಿಗೆ ಬದಲಾಯಿಸಿದ ಕೈಗಳು ಒಬ್ಬ ಮೇಲ್ವಿಚಾರಕನವಾಗಿರಲಾರವೆಂಬುದನ್ನು ಸಂಖ್ಯೆಗಳೇ ಹೇಳುತ್ತವೆ.

ಗಿಡಗಳನ್ನು ಹೆಚ್ಚಿಸುವುದೊಂದೇ ಗುರಿಯಾದರೆ ಏನಾಗುವುದೆಂಬುದಕ್ಕೆ ಜಾವಾ ದ್ವೀಪ ಸಾಕ್ಷಿ. ಡಚ್ಚರು ಇಂಗ್ಲಿಷರಿಗಿಂತ ಮೊದಲೇ, 1854ರಲ್ಲಿ, ಹಾಸ್‌ಕಾರ್ಲನ ಮೂಲಕ ಸಿಂಕೋನವನ್ನು ಅಲ್ಲಿಗೆ ತರಿಸಿದ್ದರು. ಅವನ ತರುವಾಯ ಬಂದ ಯುಂಗ್‌ಹೂನ್ ದೊಡ್ಡ ವಿಜ್ಞಾನಿ, ಜಾವಾದ ಭೂವರ್ಣನೆಯಲ್ಲಿ ಅಗ್ರಗಣ್ಯ. ಆದರೆ ಅವನು ಕಾಡಿನ ದಟ್ಟ ನೆರಳಿನಲ್ಲಿ ನೆಟ್ಟು ಬೆಳೆಸಿದ ಹತ್ತು ಲಕ್ಷಕ್ಕೂ ಮೀರಿದ ಗಿಡಗಳಲ್ಲಿ ಬಹುಪಾಲು ಪಹುಡಿಯಾನ ಎಂಬ ಜಾತಿಯವು. ಅದು ಸೊಂಪಾಗಿ ಬೆಳೆಯುತ್ತಿತ್ತು, ಸುಲಭವಾಗಿ ಹೆಚ್ಚುತ್ತಿತ್ತು. ತೊಗಟೆಯಲ್ಲಿ ಮಾತ್ರ ಕ್ವಿನೈನ್ ಇಲ್ಲವೆನ್ನುವಷ್ಟು ಕಡಿಮೆ. ರಸಾಯನಜ್ಞ ಡೆ ವ್ರೈ ಮಾಡಿದ ವಿಶ್ಲೇಷಣೆಗಳಿಂದ ಈ ಸಂಗತಿ ಹೊರಬಿದ್ದ ಮೇಲೆ ಆ ಜಾತಿಯನ್ನು ಹೆಚ್ಚಿಸುವುದನ್ನೇ ನಿಲ್ಲಿಸಬೇಕಾಯಿತು. ಯುಂಗ್‌ಹೂನ್ 1864ರಲ್ಲಿ ತೀರಿಕೊಂಡನು. ಹತ್ತು ವರ್ಷಗಳ ಶ್ರಮದಲ್ಲಿ ಬಹುಭಾಗ ಪ್ರಯೋಜನವಿಲ್ಲದ ಮರಕ್ಕೆ ಸಂದಿತ್ತು.

ಮಕೈವರನು ಈ ತಪ್ಪನ್ನು ಮಾಡಲಿಲ್ಲ. ಅವನು ನೆರಳನ್ನು ಬಿಟ್ಟು ಬಯಲಿನಲ್ಲಿ ನೆಟ್ಟನು, ತೊಗಟೆಯ ಮಾದರಿಗಳನ್ನು ಲಂಡನ್ನಿನ ಜಾನ್ ಎಲಿಯಟ್ ಹೋವರ್ಡನ ಪರೀಕ್ಷೆಗೆ ಕಳುಹಿಸಿದನು. ಮರದ ತೊಗಟೆಯನ್ನು ಪಟ್ಟಿಪಟ್ಟಿಯಾಗಿ ತೆಗೆದು ಗಾಯಕ್ಕೆ ಹಸಿ ಹಾವಸೆಯನ್ನು ಕಟ್ಟಿದರೆ ಮರ ಸಾಯದೆ ಹೊಸ ತೊಗಟೆ ಬೆಳೆಯುವುದೆಂದೂ, ಅದರಲ್ಲಿ ಸಸ್ಯಕ್ಷಾರ ಹೆಚ್ಚಿರುವುದೆಂದೂ ತೋರಿಸಿದ ಕೀರ್ತಿ ಅವನದು. ಆದರೂ ನೀಲಗಿರಿಯಲ್ಲಿ ಒಂದು ಕೊರತೆ ಉಳಿಯಿತು. ಕೆಂಪು ತೊಗಟೆಯಲ್ಲಿ ಒಟ್ಟು ಸಸ್ಯಕ್ಷಾರ ಯಥೇಚ್ಛವಾಗಿದ್ದರೂ ಕ್ವಿನೈನಿನ ಪಾಲು ಚಿಕ್ಕದು. ಸಿಂಕೋನಿನ್, ಸಿಂಕೋನಿಡಿನ್‌ಗಳ ಪಾಲೇ ದೊಡ್ಡದು. ಅವೂ ಜ್ವರವನ್ನು ಇಳಿಸಬಲ್ಲವೆಂದು 1866ರಲ್ಲಿ ನೇಮಕವಾದ ಮದರಾಸಿನ ಆಯೋಗವು ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷಿಸಿ ತೋರಿಸಿತು. ಬಡರೋಗಿಗೆ ಇದು ನಿಜವಾಗಿ ಶುಭವಾರ್ತೆ. ಲಂಡನ್ನಿನ ಮಾರುಕಟ್ಟೆಯಾದರೋ ಕ್ವಿನೈನನ್ನೇ ಕೇಳುತ್ತಿತ್ತು. ಇದರ ಮೇಲೆ, ಅಕ್ಕಪಕ್ಕದಲ್ಲಿ ನೆಟ್ಟ ಜಾತಿಗಳು ಪರಾಗ ಬೆರೆಸಿಕೊಂಡು ಬೀಜದಿಂದ ಬಂದ ಮುಂದಿನ ಪೀಳಿಗೆಯಲ್ಲಿ ಮಿಶ್ರ ಜಾತಿಗಳು ಕಾಣಿಸಿಕೊಂಡವು. ತಾಯಿಮರವನ್ನು ಒಂದೊಂದಾಗಿ ಪರೀಕ್ಷಿಸಿ, ಆರಿಸಿದ ಮರದಿಂದ ಮಾತ್ರ ತುಂಡು ತೆಗೆಯುವ ಶಿಸ್ತು ಇಲ್ಲಿ ದೃಢವಾಗಿ ನೆಲೆಗೊಳ್ಳಲಿಲ್ಲ.

ಆ ಶಿಸ್ತನ್ನು ಕಲಿತವರು ಎಡವಿಬಿದ್ದಿದ್ದ ಡಚ್ಚರೇ. 1865ರಲ್ಲಿ ಚಾರ್ಲ್ಸ್ ಲೆಡ್ಜರ್ ಎಂಬ ವ್ಯಾಪಾರಿ ಬೊಲಿವಿಯದಿಂದ ಸಿಂಕೋನ ಬೀಜವನ್ನು ಲಂಡನ್ನಿಗೆ ಕಳುಹಿಸಿದನು. ಆರಿಸಿ ತಂದುಕೊಟ್ಟವನು ಅವನ ಸೇವಕ ಮಾನ್ವೆಲ್ ಇಂಕ್ರ ಮಾಮಾನಿ. ಅವನು ಮುಂದೆ ಅದೇ ಕೆಲಸಕ್ಕಾಗಿ ಸೆರೆಸಿಕ್ಕಿ, ಹೊಡೆತ ತಿಂದು ಸತ್ತನು. ಮಾಮಾನಿಯ ಕಣ್ಣು ಎಷ್ಟು ನಿಖರವಾಗಿತ್ತೆಂಬುದು ಯೂರೋಪಿಗೆ ತಿಳಿದದ್ದು ಅವನು ಸತ್ತ ಮೇಲೆ. ಬ್ರಿಟಿಷ್ ಸರ್ಕಾರವು ಬೀಜ ಬೇಡವೆಂದಿತು. ಡಚ್ ಸರ್ಕಾರ ಸುಮಾರು ಒಂದು ಪೌಂಡನ್ನು ಅಲ್ಪ ಬೆಲೆಗೆ ಕೊಂಡಿತು. ಉಳಿದುದನ್ನು ಭಾರತದ ತೋಟದ ಮಾಲಿಕನೊಬ್ಬನು ಕೊಂಡನು. ಜಾವಾದಲ್ಲಿ ಬೆಳೆದ ಸುಮಾರು ಇಪ್ಪತ್ತು ಸಾವಿರ ಗಿಡಗಳ ತೊಗಟೆಯನ್ನು ಪರೀಕ್ಷಿಸಿದಾಗ ಕೆಲವು ಮರಗಳಲ್ಲಿ ಕ್ವಿನೈನಿನ ಪ್ರಮಾಣ ನೂರಕ್ಕೆ ಹತ್ತನ್ನು ಮೀರಿತ್ತು. ಇಲ್ಲಿ ತೋಟಗಾರನಿಗೆ ಇನ್ನೊಂದು ಅಡ್ಡಿ ಎದುರಾಯಿತು: ಈ ಲೆಡ್ಜರಿಯಾನ ಬೇರಿನಲ್ಲಿ ಅಶಕ್ತ. ಅದಕ್ಕೆ ಕಂಡುಕೊಂಡ ಉಪಾಯ ಕಸಿ. ಗಟ್ಟಿ ಬೇರಿನ ಕೆಂಪು ತೊಗಟೆಯ ಸಸಿಯನ್ನು ಬುಡವಾಗಿಟ್ಟು, ಆರಿಸಿದ ಲೆಡ್ಜರಿಯಾನ ಮರದ ಚಿಗುರನ್ನು ಅದರ ಮೇಲೆ ಕೂಡಿಸಿದರು. ಸ್ಪ್ರೂಸನು ಅಷ್ಟು ಕಷ್ಟದಿಂದ ಕಾಡಿನಿಂದ ಹೊರತಂದ ಜಾತಿಯು ಕೊನೆಗೆ ಇನ್ನೊಂದು ಜಾತಿಗೆ ಬೇರಾಗಿ ನಿಂತಿತು.

ನೀಲಗಿರಿ ಸೋತಿತೆಂದು ಇದರ ಅರ್ಥವಲ್ಲ. ನೀಲಗಿರಿಯ ಮತ್ತು ದಾರ್ಜಿಲಿಂಗ್ ಬೆಟ್ಟಗಳ ಸರ್ಕಾರಿ ತೋಟಗಳು ದೇಶದ ಆಸ್ಪತ್ರೆಗಳಿಗೆ ಔಷಧ ಒದಗಿಸಿದವು. ಬಂಗಾಳದಲ್ಲಿ 1892ರಿಂದ ಅಂಚೆಕಚೇರಿಗಳಲ್ಲಿ ಪುಡಿಕಾಸಿಗೆ ಕ್ವಿನೈನ್ ಪೊಟ್ಟಣಗಳು ದೊರೆತವು. ಆದರೆ ಜಗತ್ತಿನ ಮಾರುಕಟ್ಟೆ ಜಾವಾದ ಪಾಲಾಯಿತು. 1930ರ ದಶಕದ ಹೊತ್ತಿಗೆ ಪ್ರಪಂಚದ ಸಿಂಕೋನ ತೊಗಟೆಯಲ್ಲಿ ನೂರಕ್ಕೆ ತೊಂಬತ್ತರಷ್ಟು ಅಲ್ಲಿಂದಲೇ ಬರುತ್ತಿತ್ತು. 1942ರ ಮಾರ್ಚಿನಲ್ಲಿ ಜಾವಾ ಜಪಾನೀಯರ ವಶವಾದಾಗ ಆರಿಸಿ ಕಸಿಮಾಡಿದ ಆ ಮರಗಳೆಲ್ಲ ಒಂದೇ ಬಾರಿಗೆ ಕೈತಪ್ಪಿದವು. ಅದೇ ವರ್ಷ ಫಿಲಿಪೀನ್ಸಿನ ಮಿಂಡನಾವೊ ದ್ವೀಪದ ತೋಟದಿಂದ ಅಮೆರಿಕದ ಅಧಿಕಾರಿಯೊಬ್ಬನು ವಿಮಾನದಲ್ಲಿ ಸಿಂಕೋನವನ್ನು ಹೊರಸಾಗಿಸಿದನು. ಅವನು ಒಯ್ದದ್ದು ತುಂಡುಗಳನ್ನಲ್ಲ, ಬೀಜವನ್ನು: ಯುದ್ಧದ ನಡುವೆ ತುಂಡಿಗೆ ನೀರೆರೆದು ಕಾಯುವವರು ಯಾರೂ ಇರಲಿಲ್ಲ.