ಮಾರ್ಸಿಯನ್ನನ ಇಬ್ಬರು ದೇವರು

ಕಪ್ಪು ಸಮುದ್ರದ ತೆಂಕಣ ದಡದಲ್ಲಿ ಸಿನೋಪೆಯೆಂಬ ಪುರಾತನವಾದ ರೇವುಪಟ್ಟಣವುಂಟು. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಆ ಊರಿನ ಮಾರ್ಸಿಯನ್ ಎಂಬ ಹಡಗಿನ ವರ್ತಕನು ರೋಮಾಪುರಿಗೆ ಬಂದು, ಅಲ್ಲಿಯ ಕ್ರೈಸ್ತಸಭೆಗೆ ಎರಡು ಲಕ್ಷ ಸೆಸ್ಟರ್ಸ್ ನಾಣ್ಯಗಳನ್ನು ಕಾಣಿಕೆಯಾಗಿ ಒಪ್ಪಿಸಿದನು. 144ರಲ್ಲಿ ಸಭೆಯು ಅವನನ್ನು ಹೊರಗೆ ಹಾಕಿತು. ಹಣವನ್ನೂ ಹಿಂದಕ್ಕೆ ಕೊಟ್ಟಿತು. ಮತಸಂಸ್ಥೆಗಳು ಮನುಷ್ಯರನ್ನು ಹೊರದೂಡಿದ ಉದಾಹರಣೆಗಳು ಚರಿತ್ರೆಯಲ್ಲಿ ಬೇಕಾದಷ್ಟಿವೆ. ಹಣವನ್ನು ಹಿಂದಿರುಗಿಸಿದುವು ಅಷ್ಟಾಗಿ ದೊರೆಯವು.

ಅವನನ್ನು ಬಾಧಿಸಿದ ಪ್ರಶ್ನೆಯು ಕ್ಷುದ್ರವಾದುದಲ್ಲ. ಹಳೆಯ ಒಡಂಬಡಿಕೆಯ ದೇವರು ಜಲಪ್ರಳಯದಿಂದ ಲೋಕವನ್ನು ಮುಳುಗಿಸಿದವನು, ಕಣ್ಣಿಗೆ ಪ್ರತಿಯಾಗಿ ಕಣ್ಣನ್ನು ಕೇಳಿದವನು. ಯೇಸು ಸಾರಿದ ತಂದೆಯಾದರೋ ವೈರಿಗಳನ್ನೂ ಪ್ರೀತಿಸುವವನು. ಇವರು ಒಬ್ಬನೇ ಆಗಿರುವುದೆಂತು? ಇಬ್ಬರೆಂದು ಮಾರ್ಸಿಯನ್ನನು ನಿರ್ಣಯಿಸಿದನು. ಒಬ್ಬನು ಸೃಷ್ಟಿಕರ್ತನು, ನ್ಯಾಯನಿಷ್ಠುರನು. ಮತ್ತೊಬ್ಬನು ಯಾರೂ ಅರಿಯದಿದ್ದ ಪರದೇವನು, ಕೇವಲ ಪ್ರೀತಿಸ್ವರೂಪನು. ಈ ಪರದೇವನು ತಾನು ಸೃಜಿಸದ, ತನಗೆ ಯಾವ ಋಣವೂ ಇಲ್ಲದ ಜೀವಿಗಳನ್ನು ಕ್ರಿಸ್ತನ ಮರಣದಿಂದ ಕೊಂಡು ರಕ್ಷಿಸಿದನಂತೆ. ಕರುಣೆಯ ವಿಷಯದಲ್ಲಿ ಇದಕ್ಕಿಂತ ದೊಡ್ಡ ಮಾತನ್ನು ಆ ಕಾಲದಲ್ಲಿ ಮತ್ತಾರೂ ಆಡಿರಲಿಲ್ಲವೆಂದೇ ನನಗೆ ತೋರುತ್ತದೆ. ಆದರೆ ಅದಕ್ಕೆ ತೆತ್ತ ಬೆಲೆಯೂ ದೊಡ್ಡದು. ದೇಹವೂ ಲೋಕವೂ ಅನ್ಯನ ಸೃಷ್ಟಿಯಾದುದರಿಂದ ಅವುಗಳಿಗೆ ರಕ್ಷಣೆಯಿಲ್ಲದೆ ಹೋಯಿತು. ದೀಕ್ಷಾಸ್ನಾನ ಪಡೆದವರಿಗೆ ದಾಂಪತ್ಯವೂ ನಿಷಿದ್ಧವಾಯಿತು.

ಈ ಮತಕ್ಕೆ ಒಪ್ಪುವಂತೆ ಅವನು ಹಳೆಯ ಒಡಂಬಡಿಕೆಯನ್ನು ಸಮೂಲವಾಗಿ ಬಿಟ್ಟು, ಕತ್ತರಿಸಿದ ಲೂಕನ ಸುವಾರ್ತೆಯನ್ನೂ ಪೌಲನ ಹತ್ತು ಪತ್ರಗಳನ್ನೂ ಮಾತ್ರ ಉಳಿಸಿಕೊಂಡನು. ಅವನ ಸ್ವಂತ ಗ್ರಂಥವು ನಷ್ಟವಾಗಿರುವುದರಿಂದ ವಿರೋಧಿಗಳ ಬಾಯಿಂದಲೇ ಅವನನ್ನು ಕೇಳಬೇಕಾಗಿದೆ. ಅವರಲ್ಲಿ ಮುಖ್ಯನು ಐದು ಪುಸ್ತಕಗಳ ಖಂಡನೆಯನ್ನು ಬರೆದ ಕಾರ್ತೇಜಿನ ತೆರ್ತುಲಿಯನ್. ಎದುರಾಳಿಯ ಹುಟ್ಟೂರಿನ ಚಳಿಯನ್ನೂ ಹಳಿಯದೆ ಬಿಡದ ಕಟುಭಾಷಿ ಈತ; ಆದರೂ ಇವನ ತರ್ಕವು ಬಲವಾದುದು. ಪಾಪವನ್ನು ನಿಷೇಧಿಸಿಯೂ ಅದು ನಡೆದಾಗ ಏನೂ ಅನ್ನಿಸದ ದೇವರ ಒಳ್ಳೆಯತನಕ್ಕೆ ಅರ್ಥವೇನು? ಅನ್ಯಾಯಕ್ಕೆ ಈಡಾದವನಿಗೆ ಅಂಥ ಪ್ರೀತಿಯಿಂದ ಏನು ಲಾಭ?

ಬಿಟ್ಟ ಗ್ರಂಥದಲ್ಲಿಯೇ ಮಾರ್ಸಿಯನ್ನನು ಹುಡುಕುತ್ತಿದ್ದುದು ಇತ್ತು. ನೆರೆಯವನನ್ನು ಪ್ರೀತಿಸಬೇಕೆಂಬ ವಿಧಿಯು ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯದ್ದು. ಹೋಶೇಯನ ದೇವರು ಎಫ್ರಾಯೀಮನಿಗೆ ಹೆಜ್ಜೆಯಿಡಲು ಕಲಿಸಿದ ತಂದೆ. ಯೋನನ ದೇವರು ಶತ್ರುಗಳ ನಿನೆವೆಯ ಮೇಲೆ, ಅಲ್ಲಿಯ ದನಕರುಗಳ ಮೇಲೆ ಸಹ, ಮರುಗಿದವನು. ಇತ್ತ ಉಳಿಸಿಕೊಂಡ ಗ್ರಂಥದಲ್ಲಿಯೂ ಒಂದು ಲೋಪ. ದಾರಿತಪ್ಪಿದ ಮಗನನ್ನು ತಂದೆ ಓಡಿಬಂದು ಅಪ್ಪುವ ಸಾಮತಿಯು ಮಾರ್ಸಿಯನ್ನನ ಸುವಾರ್ತೆಯಲ್ಲಿ ಇರಲಿಲ್ಲವೆಂದು ನಾಲ್ಕನೆಯ ಶತಮಾನದ ಎಪಿಫಾನಿಯಸ್ಸನು ಹೇಳುತ್ತಾನೆ. ಆ ಕಥೆಯ ತಂದೆ ಮೊದಲಿನಿಂದಲೂ ತಂದೆಯೇ, ಮಗನು ಮೊದಲಿನಿಂದಲೂ ಅವನ ಮನೆಯವನೇ. ಅಪರಿಚಿತ ದೇವರಿಗೆ ಅಲ್ಲಿ ಸ್ಥಳವಿಲ್ಲದುದೇ ಕಾರಣವೆಂದು ನನ್ನ ಊಹೆ.

ಅವನ ಪಂಥವು ಬೇಗನೆ ಅಳಿಯಲಿಲ್ಲ. ದಮಾಸ್ಕಸ್ಸಿನ ಬಳಿಯಲ್ಲಿ ಅವರ ಪ್ರಾರ್ಥನಾಮಂದಿರದ, 318ರ ಸುಮಾರಿನ ಗ್ರೀಕ್ ಶಾಸನವು ದೊರೆತಿದೆ. 1921ರಲ್ಲಿ ಜರ್ಮನಿಯ ಹಾರ್ನಾಕ್ ಪಂಡಿತನು ಮಾರ್ಸಿಯನ್ನನನ್ನು ಕುರಿತು ಹಿರಿಯ ಗ್ರಂಥವೊಂದನ್ನು ಬರೆದು, ಪ್ರಾಟೆಸ್ಟಂಟರು ಹಳೆಯ ಒಡಂಬಡಿಕೆಯನ್ನು ಇನ್ನೂ ಪ್ರಮಾಣಗ್ರಂಥವಾಗಿ ಇಟ್ಟುಕೊಂಡಿರುವುದು ದೌರ್ಬಲ್ಯವೆಂದನು. ಅವನ ಉದ್ದೇಶವು ಬೇರೆಯಾಗಿತ್ತು. ಆದರೆ 1939ರಲ್ಲಿ ಐಸೆನಾಖಿನಲ್ಲಿ, ನಾಜಿಗಳ ಆಳ್ವಿಕೆಯಲ್ಲಿ, ಕ್ರೈಸ್ತಧರ್ಮದಿಂದ ಯೆಹೂದ್ಯಾಂಶವನ್ನು ತೆಗೆದುಹಾಕಲೆಂದೇ ಸಂಸ್ಥೆಯೊಂದು ಹುಟ್ಟಿ, ಮರುವರ್ಷವೇ ಹಾಗೆ ಶೋಧಿಸಿದ ಹೊಸ ಒಡಂಬಡಿಕೆಯನ್ನು ಅಚ್ಚುಹಾಕಿಸಿತು. ಯೆಹೂದ್ಯರಿಗೆ ಅವರ ದೇವರು ಮಾತುಕೊಟ್ಟ ಮೆಸ್ಸೀಯನು ಮುಂದೆ ಬಂದೇ ಬರುವನೆಂದು ಮಾರ್ಸಿಯನ್ನನಾದರೂ ಒಪ್ಪಿದ್ದನು. ಐಸೆನಾಖಿನವರು ಅವರಿಗೆ ಅಷ್ಟನ್ನೂ ಉಳಿಸಲಿಲ್ಲ.