ಸಾಕ್ಷ್ಯ ಇಲ್ಲದಿರುವುದೇ ಸಾಕ್ಷ್ಯವಾದಾಗ

ಒಬ್ಬ ವ್ಯಕ್ತಿ ಅಪರಾಧಿ ಎನ್ನಬೇಕಾದರೆ ಸಾಕ್ಷ್ಯ ಬೇಕು. ಇದು ಕಾನೂನಿನ ಮೊದಲ ಪಾಠ. ಆದರೆ ಒಂದು ಸಮಾಜವನ್ನು ಭಯ ಆವರಿಸಿದಾಗ ಈ ಪಾಠ ತಲೆಕೆಳಗಾಗುತ್ತದೆ. ‘ಇವರು ಇದುವರೆಗೆ ಏನೂ ಮಾಡಿಲ್ಲ, ಆದ್ದರಿಂದಲೇ ಇವರು ಅಪಾಯಕಾರಿಗಳು’ ಎಂಬ ವಿಚಿತ್ರ ವಾದ ಹುಟ್ಟಿಕೊಳ್ಳುತ್ತದೆ. ಬೀದಿಯ ಭಾಷಣಕಾರ ಹೀಗೆ ಹೇಳಿದರೆ ಅದು ಗಾಳಿಯಲ್ಲಿ ಹಾರಿಹೋಗಬಹುದು. ಒಂದು ರಾಜ್ಯದ ಅತ್ಯುನ್ನತ ಕಾನೂನು ಅಧಿಕಾರಿಯೇ ಹೇಳಿದರೆ? 1942ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದದ್ದು ಇದೇ. ಹೇಳಿದವರು ರಾಜ್ಯದ ಅಟಾರ್ನಿ ಜನರಲ್ ಅರ್ಲ್ ವಾರೆನ್. ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ, 1954ರಲ್ಲಿ ಶಾಲೆಗಳಲ್ಲಿನ ವರ್ಣಭೇದವನ್ನು ಸಂವಿಧಾನಬಾಹಿರವೆಂದು ಸಾರಿದ ಸರ್ವಾನುಮತದ ತೀರ್ಪನ್ನು ಬರೆದ ಅದೇ ವಾರೆನ್!

ಹುದ್ದೆ ಮತ್ತು ಅದರ ಬಲ

ನಮ್ಮಲ್ಲಿ ಅಟಾರ್ನಿ ಜನರಲ್ ಎಂದರೆ ಕೇಂದ್ರ ಸರಕಾರದ ವಕೀಲರು. ರಾಜ್ಯಗಳಿಗಿರುವುದು ಅಡ್ವೊಕೇಟ್ ಜನರಲ್. ಸಂವಿಧಾನದ 165ನೇ ವಿಧಿಯಂತೆ ಅವರನ್ನು ರಾಜ್ಯಪಾಲರು ನೇಮಿಸುತ್ತಾರೆ. ಅಮೆರಿಕದ ಸ್ಥಿತಿ ಬೇರೆ. ಅಲ್ಲಿ ಪ್ರತಿಯೊಂದು ರಾಜ್ಯಕ್ಕೂ ಒಬ್ಬ ಅಟಾರ್ನಿ ಜನರಲ್ ಇರುತ್ತಾರೆ. ಹೆಚ್ಚಿನ ರಾಜ್ಯಗಳಲ್ಲಿ ಅವರನ್ನು ಜನರೇ ಮತ ನೀಡಿ ಆರಿಸುತ್ತಾರೆ. ರಾಜ್ಯದ ಪರ ವಾದಿಸುವುದು, ಇಲಾಖೆಗಳು ಕೇಳಿದ ಪ್ರಶ್ನೆಗಳಿಗೆ ಕಾನೂನು ಅಭಿಪ್ರಾಯ ನೀಡುವುದು, ಕಾನೂನು ಸರಿಯಾಗಿ ಜಾರಿಯಾಗುತ್ತಿದೆಯೇ ಎಂದು ನೋಡುವುದು ಅವರ ಕೆಲಸ. ಕ್ಯಾಲಿಫೋರ್ನಿಯಾದಲ್ಲಿ 1934ರ ಸಂವಿಧಾನ ತಿದ್ದುಪಡಿಯು ಈ ಹುದ್ದೆಗೆ ಇನ್ನಷ್ಟು ಬಲ ತುಂಬಿತು. ಕೌಂಟಿಗಳ ಶೆರಿಫರೂ ಜಿಲ್ಲಾ ಅಟಾರ್ನಿಗಳೂ ಅಟಾರ್ನಿ ಜನರಲ್‌ರ ಮೇಲುಸ್ತುವಾರಿಗೆ ಬಂದರು. ಈ ತಿದ್ದುಪಡಿಗಾಗಿ ದುಡಿದವರಲ್ಲಿ ಆಗ ಅಲಮೇಡಾ ಕೌಂಟಿಯ ಜಿಲ್ಲಾ ಅಟಾರ್ನಿಯಾಗಿದ್ದ ವಾರೆನ್ ಪ್ರಮುಖರು. 1939ರ ಜನವರಿಯಲ್ಲಿ ಅವರೇ ಆ ಕುರ್ಚಿಯಲ್ಲಿ ಕುಳಿತರು.

ಅವರಿಗಿಂತ ಮೊದಲು, 1902ರಿಂದ 1939ರವರೆಗೆ ಆ ಕುರ್ಚಿಯಲ್ಲಿದ್ದವರು ಯುಲಿಸಿಸ್ ವೆಬ್. 1913ರ ‘ಪರದೇಶಿಯರ ಭೂ ಕಾಯ್ದೆ’ಯನ್ನು ರೂಪಿಸಿದವರಲ್ಲಿ ಅವರೂ ಒಬ್ಬರು. ಪೌರತ್ವಕ್ಕೆ ಅರ್ಹರಲ್ಲದ ಪರದೇಶಿಯರು ಕೃಷಿ ಭೂಮಿಯ ಒಡೆಯರಾಗುವಂತಿಲ್ಲ ಎಂದು ಆ ಕಾಯ್ದೆ ಹೇಳಿತು. ಅದರಲ್ಲಿ ‘ಜಪಾನಿ’ ಎಂಬ ಪದವೇ ಇರಲಿಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ. ಏಷ್ಯಾದಿಂದ ಬಂದವರಿಗೆ ಪೌರತ್ವವೇ ಸಿಗದಂತೆ ದೇಶದ ಕಾನೂನು ಮೊದಲೇ ಬಾಗಿಲು ಹಾಕಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಭಾರತೀಯರಿಗೂ ಪೌರತ್ವದ ಅರ್ಹತೆಯಿಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಮಾನಿಸಿದಾಗ, ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯ ಮಾಡುತ್ತಿದ್ದ ಪಂಜಾಬಿನ ಸಿಖ್, ಮುಸ್ಲಿಂ ಮತ್ತು ಹಿಂದೂ ರೈತರೂ ಇದೇ ಕಾಯ್ದೆಯ ಬಲೆಗೆ ಬಿದ್ದರು. ಅಲ್ಲೇ ಹುಟ್ಟಿ ಪೌರರಾದ ಮಕ್ಕಳ ಹೆಸರಿನಲ್ಲಿ ಭೂಮಿ ಬರೆಸುವುದು ಇಂತಹ ಅನೇಕ ಕುಟುಂಬಗಳಿಗೆ ಉಳಿದ ದಾರಿಯಾಗಿತ್ತು. ಕಾಯ್ದೆ ಮೀರಿದ್ದು ಸಾಬೀತಾದರೆ ಭೂಮಿ ರಾಜ್ಯದ ವಶವಾಗುತ್ತಿತ್ತು. ಅದಕ್ಕಾಗಿ ದಾವೆ ಹೂಡುವ ಅಧಿಕಾರವಿದ್ದುದು ಅಟಾರ್ನಿ ಜನರಲ್ ಮತ್ತು ಜಿಲ್ಲಾ ಅಟಾರ್ನಿಗಳಿಗೆ.

ನಕ್ಷೆಗಳು ಹೇಳಿದ ಕಥೆ

1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. ಆಗ ಕ್ಯಾಲಿಫೋರ್ನಿಯಾದಲ್ಲಿ ಜಪಾನಿ ಮೂಲದವರ ಸಂಖ್ಯೆ, 1940ರ ಜನಗಣತಿಯಂತೆ, 93,717. ಇವರಲ್ಲಿ ಬಹುಪಾಲು ಮಂದಿ ಅಮೆರಿಕದಲ್ಲೇ ಹುಟ್ಟಿದ ಪೌರರು. ದಾಳಿಯ ಬಳಿಕ ವಾರಗಳು ಉರುಳಿದರೂ ಇವರಿಂದ ಒಂದೇ ಒಂದು ವಿಧ್ವಂಸಕ ಕೃತ್ಯ ನಡೆದದ್ದು ಕಂಡುಬರಲಿಲ್ಲ.

1942ರ ಆರಂಭದಲ್ಲಿ ವಾರೆನ್ ತಮ್ಮ ಮೇಲುಸ್ತುವಾರಿಯ ಅಧಿಕಾರವನ್ನು ಬಳಸಿದರು. ಜಪಾನಿಯರ ಸ್ವಾಧೀನದಲ್ಲಿರುವ ಭೂಮಿಯನ್ನು ಗುರುತಿಸಿ ನಕ್ಷೆ ಕಳಿಸುವಂತೆ ಜಿಲ್ಲಾ ಅಟಾರ್ನಿಗಳಿಗೆ ಸೂಚಿಸಿದರು. ಭೂ ಕಾಯ್ದೆಯ ಉಲ್ಲಂಘನೆ ಪತ್ತೆ ಮಾಡಲು ಹೊರಟ ಈ ನಕ್ಷೆಗಳು ಬಂದು ಸೇರುವಾಗ ಬೇರೆಯದೇ ಅರ್ಥ ಪಡೆದಿದ್ದವು. ವಿಮಾನ ನಿಲ್ದಾಣದ ಪಕ್ಕದಲ್ಲಿ ಜಪಾನಿಯರ ಹೊಲ. ರೈಲುಮಾರ್ಗದ ಬದಿಯಲ್ಲಿ, ವಿದ್ಯುತ್ ತಂತಿಯ ಕೆಳಗೆ ಜಪಾನಿಯರ ತೋಟ. ಇದು ಆಕಸ್ಮಿಕವೇ? ಅಲ್ಲ, ಯೋಜಿತ ಎಂದು ಅಟಾರ್ನಿ ಜನರಲ್ ಕಚೇರಿ ಓದಿಕೊಂಡಿತು.

ರೈತನಾದವನಿಗೆ ಇದರ ಉತ್ತರ ಸುಲಭ. ಯಾರಿಗೂ ಬೇಡವಾದ ಭೂಮಿ ಅಗ್ಗಕ್ಕೆ ಸಿಗುತ್ತದೆ. ವಿದ್ಯುತ್ ತಂತಿಯ ಕೆಳಗಿನ, ರೈಲು ಹಳಿಯ ಪಕ್ಕದ ತುಂಡು ನೆಲ ಬಡ ವಲಸಿಗನ ಕೈಗೆ ಎಟಕುವಂಥದ್ದು. ತರಕಾರಿ, ಹಣ್ಣು ಬೆಳೆಯುವವನಿಗೆ ಪಟ್ಟಣ ಹತ್ತಿರವಿರಬೇಕು. ವಿಮಾನ ನಿಲ್ದಾಣ, ಕಾರ್ಖಾನೆಗಳೂ ಪಟ್ಟಣದ ಅಂಚಿನಲ್ಲೇ ಬರುತ್ತವೆ. ಎಷ್ಟೋ ಕಡೆ ಹೊಲ ಮೊದಲಿತ್ತು, ಕಾರ್ಖಾನೆ ಆಮೇಲೆ ಬಂತು. ಆದರೆ ನಕ್ಷೆ ಬರೆದವರು ರೈತನನ್ನು ಮಾತನಾಡಿಸಲಿಲ್ಲ.

ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿ, ಯಾವುದೇ ಪ್ರದೇಶದಿಂದ ಯಾರನ್ನಾದರೂ ಹೊರಹಾಕುವ ಅಧಿಕಾರವನ್ನು ಸೇನೆಗೆ ಕೊಟ್ಟರು. ಎರಡು ದಿನಗಳ ಬಳಿಕ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸಂಸತ್ತಿನ ಟೋಲನ್ ಸಮಿತಿಯ ಮುಂದೆ ವಾರೆನ್ ತಮ್ಮ ನಕ್ಷೆಗಳೊಂದಿಗೆ ಹಾಜರಾದರು. ಈವರೆಗೆ ವಿಧ್ವಂಸಕ ಕೃತ್ಯ ನಡೆಯದಿರುವುದೇ ಇಡೀ ಪರಿಸ್ಥಿತಿಯ ಅತ್ಯಂತ ಅಪಶಕುನದ ಲಕ್ಷಣ ಎಂಬರ್ಥದ ಸಾಕ್ಷ್ಯ ನುಡಿದರು. ಬಿಳಿಯರಾದ ಜರ್ಮನ್, ಇಟಾಲಿಯನ್ ಮೂಲದವರ ನಿಷ್ಠೆಯನ್ನು ಅಳೆಯಬಹುದು, ಜಪಾನಿಯರದ್ದನ್ನು ಅಳೆಯಲಾಗದು ಎಂದೂ ವಾದಿಸಿದರು. ಇಂತಹ ವಾದಕ್ಕೆ ಆರೋಪಿ ಏನು ಉತ್ತರ ಕೊಡಬೇಕು? ತಪ್ಪು ಮಾಡಿದರೆ ಅಪರಾಧಿ. ಮಾಡದಿದ್ದರೆ ಹೊಂಚು ಹಾಕುತ್ತಿರುವ ಅಪರಾಧಿ!

ಆ ವರ್ಷ ಪಶ್ಚಿಮ ಕರಾವಳಿಯಿಂದ ಒಂದು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಹೊರಹಾಕಲಾಯಿತು. ಯುದ್ಧ ಮುಗಿಯುವುದರೊಳಗೆ ಹತ್ತು ಶಿಬಿರಗಳಲ್ಲಿ ಬಂಧಿತರಾದವರ ಒಟ್ಟು ಸಂಖ್ಯೆ ಸುಮಾರು 1,20,000. ಮೂರರಲ್ಲಿ ಎರಡು ಪಾಲು ಅಮೆರಿಕದ ಪೌರರೇ. ಇಡೀ ಸಮುದಾಯದ ಮೇಲಿನ ಈ ಕ್ರಮವನ್ನು ಕೇಂದ್ರದ ಅಟಾರ್ನಿ ಜನರಲ್ ಫ್ರಾನ್ಸಿಸ್ ಬಿಡಲ್ ವಿರೋಧಿಸಿದ್ದರು. ಆದರೆ ಕೊನೆಗೆ ಅವರೂ ಮಣಿದರು.

ಅದೇ ಕಚೇರಿಯ ಇನ್ನೊಂದು ಕಾಗದ

ವಾರೆನ್‌ರ ಕಾಗದಪತ್ರಗಳು ಇಂದು ಸಾಕ್ರಮೆಂಟೊದಲ್ಲಿರುವ ಕ್ಯಾಲಿಫೋರ್ನಿಯಾ ರಾಜ್ಯ ಪತ್ರಾಗಾರದಲ್ಲಿವೆ. ಸಮಿತಿಯ ಮುಂದಿನ ಸಾಕ್ಷ್ಯವೂ ಅಚ್ಚಾಗಿ ಉಳಿದಿದೆ. ಆ ಕಾಲದ ದಾಖಲೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅಚ್ಚರಿಯ ಸಂಗತಿಯೊಂದು ಎದುರಾಗುತ್ತದೆ.

1942ರ ಜನವರಿ ಕೊನೆಯಲ್ಲಿ ರಾಜ್ಯದ ನೌಕರಿ ಮಂಡಳಿಯು ಶತ್ರು ದೇಶಗಳ ಮೂಲದವರನ್ನು ಸರಕಾರಿ ನೌಕರಿಯಿಂದ ದೂರವಿಡಲು ನಿರ್ಧರಿಸಿತು. ಅದು ಪೌರರ ನಡುವೆ ಮೂಲದ ಆಧಾರದಲ್ಲಿ ಭೇದ ಮಾಡುವ ಕಾನೂನುಬಾಹಿರ ಕ್ರಮ ಎಂದು ಅಭಿಪ್ರಾಯ ನೀಡಿದವರು ಇದೇ ವಾರೆನ್! ಫೆಬ್ರವರಿಯ ಒಂದು ಕಾಗದದಲ್ಲಿ ಪೌರನನ್ನು ಅವನ ಪೂರ್ವಜರ ನೆಲದಿಂದ ಅಳೆಯಬಾರದು ಎಂದು ಬರೆದ ಕಚೇರಿ, ಅದೇ ಫೆಬ್ರವರಿಯಲ್ಲಿ ಸಮಿತಿಯ ಮುಂದೆ ಪೌರರನ್ನೂ ಪರದೇಶಿಯರನ್ನೂ ಒಂದೇ ತಕ್ಕಡಿಗೆ ಹಾಕಿತು. ಕಾನೂನು ಏನೆಂಬುದು ಅವರಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಗೊತ್ತಿತ್ತು. ಭಯದ ಮುಂದೆ, ಮತ್ತು ಅದೇ ವರ್ಷ ಎದುರಿಗಿದ್ದ ಗವರ್ನರ್ ಚುನಾವಣೆಯ ಮುಂದೆ, ಆ ತಿಳುವಳಿಕೆ ಕೆಲಸಕ್ಕೆ ಬರಲಿಲ್ಲ.

ಮಂಡಳಿ ಆ ಅಭಿಪ್ರಾಯಕ್ಕೆ ಕಿವಿಗೊಡದೆ ಜಪಾನಿ ಮೂಲದ ನೌಕರರನ್ನು ತೆಗೆದುಹಾಕಿತು. ಅವರಲ್ಲೊಬ್ಬರು ಮೋಟಾರು ವಾಹನ ಇಲಾಖೆಯಲ್ಲಿ ಬೆರಳಚ್ಚುಗಾರ್ತಿಯಾಗಿದ್ದ ಮಿತ್ಸುಯೆ ಎಂಡೊ. ಜಪಾನನ್ನು ಕಣ್ಣಿನಿಂದ ಕಂಡವರಲ್ಲ. ಸಹೋದರ ಅಮೆರಿಕದ ಸೇನೆಯಲ್ಲಿದ್ದ. ನೌಕರಿಗಾಗಿ ಆರಂಭವಾದ ಅವರ ಹೋರಾಟ ಬಿಡುಗಡೆಯ ಮೊಕದ್ದಮೆಯಾಗಿ ಬೆಳೆಯಿತು. ಶಿಬಿರ ಬಿಟ್ಟು ಹೋಗಲು ಸರಕಾರ ಅವಕಾಶ ನೀಡಿತು. ಹೊರಟರೆ ಮೊಕದ್ದಮೆ ಬಿದ್ದುಹೋಗುತ್ತದೆಂದು ಅವರು ಒಪ್ಪದೆ ಶಿಬಿರದಲ್ಲೇ ಉಳಿದರು. 1944ರ ಡಿಸೆಂಬರ್ 18ರಂದು, ನಿಷ್ಠಾವಂತಳೆಂದು ಸರಕಾರವೇ ಒಪ್ಪಿಕೊಂಡ ಪೌರಳನ್ನು ಬಂಧನದಲ್ಲಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ತೀರ್ಪಿತ್ತಿತು. ವಿಪರ್ಯಾಸವೆಂದರೆ ಅದೇ ದಿನ, ಕೊರೆಮಾಟ್ಸು ಪ್ರಕರಣದಲ್ಲಿ, ಅವರನ್ನೆಲ್ಲ ಕರಾವಳಿಯಿಂದ ಹೊರಹಾಕಿದ ಕ್ರಮವನ್ನು ಅದೇ ಕೋರ್ಟ್ 6–3ರ ಬಹುಮತದಿಂದ ಎತ್ತಿಹಿಡಿಯಿತು.

ಭೂ ಕಾಯ್ದೆಯ ದಾವೆಗಳೂ ನಿಲ್ಲಲಿಲ್ಲ. ಒಯಾಮಾ ಕುಟುಂಬ ಮಗನ ಹೆಸರಿನಲ್ಲಿ ಕೊಂಡಿದ್ದ ಎಂಟು ಎಕರೆಯನ್ನು ವಶಪಡಿಸಿಕೊಳ್ಳಲು 1944ರಲ್ಲಿ, ಆ ಕುಟುಂಬ ಮನೆಗೆ ಮರಳುವಂತಿಲ್ಲದ ಹೊತ್ತಿನಲ್ಲೇ, ರಾಜ್ಯ ಕೋರ್ಟಿಗೆ ಹೋಯಿತು. ಪೌರನಾದ ಆ ಮಗನಿಗೆ ಸಮಾನ ರಕ್ಷಣೆ ನಿರಾಕರಿಸಲಾಗಿದೆ ಎಂದು 1948ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1952ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಕಾಯ್ದೆಯನ್ನೇ ಅಸಿಂಧುಗೊಳಿಸಿತು. 1956ರಲ್ಲಿ ಮತದಾರರು ಅದನ್ನು ರದ್ದುಪಡಿಸಿದರು.

ಸುಡದೆ ಉಳಿದ ಪ್ರತಿ

ಮಾಡಿದ ತಪ್ಪನ್ನು ವಾರೆನ್ ಬದುಕಿರುವಾಗ ಬಹಿರಂಗವಾಗಿ ಒಪ್ಪಿಕೊಳ್ಳಲಿಲ್ಲ. 1974ರಲ್ಲಿ ತೀರಿಕೊಂಡ ಅವರ ಆತ್ಮಕಥೆ 1977ರಲ್ಲಿ ಪ್ರಕಟವಾದಾಗ ಅದರಲ್ಲಿ ತಮ್ಮ ಆ ಸಾಕ್ಷ್ಯದ ಬಗ್ಗೆ ಆಳವಾದ ವಿಷಾದವಿತ್ತು. ಆದರೆ ವಿಷಾದದಿಂದ ತೀರ್ಪು ಬದಲಾಗುವುದಿಲ್ಲ. ಅದಕ್ಕೆ ಕಾಗದ ಬೇಕು.

ಆ ಕಾಗದ ಸಿಕ್ಕಿದ್ದು ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿ. ಬಾಲಕಿಯಾಗಿ ಅಲ್ಲ, ಹದಿಹರೆಯದ ಪತ್ನಿಯಾಗಿ ಶಿಬಿರ ಸೇರಿದ್ದ ಐಕೊ ಹೆರ್ಜಿಗ್ ಯೊಶಿನಾಗಾ ಎಂಬ ಮಹಿಳೆ ವರ್ಷಗಟ್ಟಲೆ ಅಲ್ಲಿ ಕಡತಗಳನ್ನು ಹುಡುಕಿದರು. ಪಶ್ಚಿಮ ಕರಾವಳಿಯ ಸೇನಾಧಿಕಾರಿ ಜನರಲ್ ಡಿವಿಟ್‌ರ ವರದಿಯ ಮೂಲ ಪ್ರತಿ ಅವರ ಕಣ್ಣಿಗೆ ಬಿತ್ತು. ಜಪಾನಿಯರ ನಿಷ್ಠೆಯನ್ನು ಎಷ್ಟು ಸಮಯವಿದ್ದರೂ ತಿಳಿಯಲಾಗದು ಎಂಬರ್ಥದ ಮಾತು ಮೂಲದಲ್ಲಿತ್ತು. ಪರಿಶೀಲನೆಗೆ ಸಮಯವಿರಲಿಲ್ಲ ಎನ್ನುವಂತೆ ಅದನ್ನು ತಿದ್ದಿ, ಹಳೆಯ ಪ್ರತಿಗಳನ್ನು ಸುಡಲಾಗಿತ್ತು. ಒಂದು ಪ್ರತಿ ಮಾತ್ರ ಉಳಿದಿತ್ತು. ಈ ಮತ್ತು ಇಂತಹ ದಾಖಲೆಗಳ ಬಲದಿಂದ 1983ರಲ್ಲಿ ಕೊರೆಮಾಟ್ಸು ಅವರ ಶಿಕ್ಷೆ ರದ್ದಾಯಿತು. 1988ರಲ್ಲಿ ಅಮೆರಿಕ ಸರಕಾರ ಕ್ಷಮೆ ಯಾಚಿಸಿ, ಬದುಕುಳಿದ ಪ್ರತಿಯೊಬ್ಬರಿಗೂ 20,000 ಡಾಲರ್ ಪರಿಹಾರ ನೀಡುವ ಕಾಯ್ದೆ ಮಾಡಿತು. 2020ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ವಿಧಾನಸಭೆಯೂ ತನ್ನ ಪಾತ್ರಕ್ಕಾಗಿ ಕ್ಷಮೆ ಕೇಳಿತು.

2017ರ ಜನವರಿಯಲ್ಲಿ ಏಳು ಮುಸ್ಲಿಂ ಬಹುಸಂಖ್ಯಾತ ದೇಶಗಳ ಜನರ ಪ್ರವೇಶಕ್ಕೆ ಅಧ್ಯಕ್ಷ ಟ್ರಂಪ್ ತಡೆ ಹಾಕಿದಾಗ, ಕೆಲವೇ ದಿನಗಳಲ್ಲಿ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದದ್ದು ವಾಷಿಂಗ್ಟನ್ ರಾಜ್ಯದ ಅಟಾರ್ನಿ ಜನರಲ್ ಕಚೇರಿ. ಬದಲಾದ ರೂಪದಲ್ಲಿ ಬಂದ ಆ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ 5–4ರಿಂದ ಎತ್ತಿಹಿಡಿಯಿತು. ಅದೇ ತೀರ್ಪಿನಲ್ಲಿ ಕೊರೆಮಾಟ್ಸು ತೀರ್ಪು ಅಂದೇ ತಪ್ಪಾಗಿತ್ತು ಎಂದೂ ಒಪ್ಪಿಕೊಂಡಿತು. ಒಂದು ಕಾಲದಲ್ಲಿ ನಕ್ಷೆ ಹಿಡಿದು ಜನರನ್ನು ಹೊರಹಾಕಲು ವಾದಿಸಿದಂಥದ್ದೇ ಕಚೇರಿ, ಇನ್ನೊಂದು ಕಾಲದಲ್ಲಿ ಬಾಗಿಲಲ್ಲಿ ನಿಂತವರ ಪರ ವಾದಿಸಿತು. ಹುದ್ದೆಗೆ ತನ್ನದೇ ಆದ ಆತ್ಮಸಾಕ್ಷಿ ಇರುವುದಿಲ್ಲ. ಕುರ್ಚಿಯಲ್ಲಿ ಕುಳಿತವರು ಅದನ್ನು ಜೊತೆಗೆ ತರಬೇಕು. ಅವರು ತಾರದೆ ಹೋದಾಗ ನೊಂದವರಿಗೆ ಉಳಿಯುವ ಆಸರೆ ಒಂದೇ: ಯಾರೋ ಸುಡದೆ, ಹರಿಯದೆ ಕಾಪಾಡಿದ ಕಡತ, ಮತ್ತು ಅದನ್ನು ಬಿಚ್ಚಿ ಓದುವ ತಾಳ್ಮೆ.